ತುರ್ತು ದಿನಗಳಿಗೆ ರೆಡಿ ಊಟ: ಪೆಟ್ಟಿಗೆಗೆ ಏನು ಹಾಕಬೇಕು, ಏನು ಬಿಡಬೇಕು

ನಾನು ಮೊದಲ ಸಲ ತುರ್ತು ಊಟದ ಪೆಟ್ಟಿಗೆ ತುಂಬಿದಾಗ ನೋಡಿದ್ದು ಒಂದೇ ಸಂಗತಿ. ಎಷ್ಟು ವರ್ಷ ಕೆಡದೆ ಇರುತ್ತದೆ ಅನ್ನುವುದು. ಪ್ಯಾಕೆಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 25 ವರ್ಷ ಅಂತ ಇತ್ತು. ಇನ್ನೇನು ಬೇಕು ಅಂದುಕೊಂಡು ಒಂದು ಡಜನ್ ತಂದಿಟ್ಟೆ. ಆಮೇಲೊಂದು ದಿನ ಗಾಳಿಮಳೆಗೆ ಕರೆಂಟ್ ಹೋಯಿತು. ಪಂಪ್ ಓಡದೆ ನಲ್ಲಿಯೂ ನಿಂತಿತು. ರಾತ್ರಿ ಟಾರ್ಚ್ ಹಿಡಿದು ಪೆಟ್ಟಿಗೆ ತೆಗೆದರೆ ಪ್ರತಿ ಪ್ಯಾಕೆಟ್ಟಿನ ಹಿಂದೆಯೂ ಒಂದೇ ಸಾಲು: ಎರಡು ಲೋಟ ಕುದಿಯುವ ನೀರು ಹಾಕಿ. ಮನೆಯಲ್ಲಿ ಉಳಿದಿದ್ದ ನೀರು ಅರ್ಧ ಕ್ಯಾನ್. ಸ್ಟವ್ ಕೂಡ ಕರೆಂಟಿನದ್ದು. ಅವತ್ತು ನಾವು ತಿಂದದ್ದು ಬಿಸ್ಕತ್ತು. 25 ವರ್ಷ ಬಾಳುವ ಊಟ ಪಕ್ಕದಲ್ಲೇ ಕೂತಿತ್ತು.

ಅಲ್ಲಿಂದೀಚೆಗೆ ನಾನು ತಾರೀಖನ್ನು ಕೊನೆಗೆ ನೋಡುತ್ತೇನೆ. ಮೊದಲು ನೀರು, ಆಮೇಲೆ ಬೆಂಕಿ, ಆಮೇಲೆ ಮನೆಯವರ ನಾಲಿಗೆ. ಕೆಳಗಿನ ಹಂತಗಳೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿವೆ.

1. ಎಷ್ಟು ದಿನಕ್ಕೆ, ಎಷ್ಟು ಜನಕ್ಕೆ?

ಮೂರು ದಿನದಿಂದ ಶುರು ಮಾಡಿ. 2025ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ತನ್ನ ಜನರಿಗೆ ಹೇಳಿದ್ದು 72 ಗಂಟೆಗೆ ಸಾಲುವಷ್ಟು ಇಟ್ಟುಕೊಳ್ಳಿ ಎಂದು. ಸ್ವೀಡನ್ ಒಂದು ವಾರ ಎನ್ನುತ್ತದೆ. ಭೂಕಂಪ ಕಂಡು ಕಂಡು ಪಳಗಿದ ಜಪಾನ್ ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ಎನ್ನುತ್ತದೆ. ಒಂದು ತಿಂಗಳ ಮಾತು ಆಮೇಲೆ ನೋಡಿಕೊಳ್ಳೋಣ. ಮೊದಲ ದಿನವೇ ದೊಡ್ಡ ಗುರಿ ಇಟ್ಟುಕೊಂಡವರ ಪೆಟ್ಟಿಗೆ ಖಾಲಿ ಬಿದ್ದಿರುವುದೇ ಜಾಸ್ತಿ.

ಪರಿಹಾರದ ಕೆಲಸ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆಗಳು ಒಬ್ಬರಿಗೆ ದಿನಕ್ಕೆ ಸರಾಸರಿ 2,100 ಕಿಲೋ ಕ್ಯಾಲರಿ ಎಂದು ಲೆಕ್ಕ ಹಿಡಿಯುತ್ತವೆ. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ 25,200 ಆಯಿತು. ನಿಮ್ಮ ಮನೆಯ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ. ಅಂಗಡಿಯಲ್ಲಿ ಇದು ಕೆಲಸಕ್ಕೆ ಬರುತ್ತದೆ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಕರೆಂಟ್ ಹೋದ ಕೂಡಲೇ ಪೆಟ್ಟಿಗೆಗೆ ಕೈ ಹಾಕಬೇಕಿಲ್ಲ ಅನ್ನುವುದೂ ನೆನಪಿರಲಿ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24 ಗಂಟೆ. ಮೊದಲು ಫ್ರಿಜ್‌ನದ್ದು, ಆಮೇಲೆ ಫ್ರೀಜರ್‌ನದ್ದು, ಕೊನೆಗೆ ಪೆಟ್ಟಿಗೆಯದ್ದು.

2. ನೀರಿನ ಕಡೆಯಿಂದ ಊಟ ಆರಿಸಿ

ಅಂಗಡಿಯಲ್ಲಿ ಹೆಸರು ಹತ್ತಾರು ಇದ್ದರೂ ಈ ಊಟಗಳಲ್ಲಿ ಇರುವುದು ಎರಡೇ ಜಾತಿ. ನೀರು ಒಳಗೇ ಇರುವುದು ಒಂದು. ನೀರನ್ನು ನೀವು ತರಬೇಕಾದದ್ದು ಇನ್ನೊಂದು.

ಮೊದಲನೆಯದರಲ್ಲಿ ತಗಡಿನ ಡಬ್ಬಿ ಮತ್ತು ರಿಟಾರ್ಟ್ ಪೌಚ್ ಬರುತ್ತವೆ. ರಿಟಾರ್ಟ್ ಪೌಚ್ ಅಂದರೆ ಆ ದಪ್ಪನೆಯ, ಒಳಗೆ ಬೆಳ್ಳಗೆ ಹೊಳೆಯುವ ಚೀಲ. ಅದನ್ನು ಕತ್ತರಿಸಿ ಅಂಚನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದೇ ಹಾಳೆಯ ಹಾಗೆ ಕಂಡರೂ ಅದು ಮೂರ್ನಾಲ್ಕು ಪದರ. ಹೊರಗೆ ಪಾಲಿಯೆಸ್ಟರ್, ಅಕ್ಷರ ಅಚ್ಚಾಗುವುದು ಅಲ್ಲಿ. ನಡುವೆ ಅಲ್ಯೂಮಿನಿಯಂ ಹಾಳೆ, ಗಾಳಿ ಮತ್ತು ಬೆಳಕು ತಡೆಯುವುದು ಅದು. ಒಳಗೆ ಪಾಲಿಪ್ರೊಪಿಲೀನ್, ಬಿಸಿಗೆ ಕರಗಿ ಒಂದಕ್ಕೊಂದು ಅಂಟಿ ಸೀಲ್ ಆಗುವುದು ಅದೇ. ಊಟ ತುಂಬಿ, ಬಾಯಿ ಮುಚ್ಚಿ, ಆಮೇಲೆ ಇಡೀ ಚೀಲವನ್ನೇ ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ನಮ್ಮ ಪ್ರೆಶರ್ ಕುಕ್ಕರಿನ ಉಪಾಯವೇ, ಆದರೆ ದೊಡ್ಡದು. ಅಷ್ಟು ಬಿಸಿ ಯಾಕೆ? ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು 100 ಡಿಗ್ರಿಯ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಗಾಳಿಯಿಲ್ಲದ ಡಬ್ಬಿಯೊಳಗೆ ಅವು ಮೊಳೆತರೆ ಪ್ರಾಣ ತೆಗೆಯುವ ವಿಷ ಉಂಟಾಗುತ್ತದೆ. ಆ ಬೀಜಕಗಳನ್ನು ಈ ಬಿಸಿಯೇ ಮುಗಿಸುವುದರಿಂದ ಫ್ರಿಜ್ ಬೇಡ, ಕೆಡದ ಹಾಗೆ ಬೇರೆ ರಾಸಾಯನಿಕ ಹಾಕಲೇಬೇಕೆಂದೂ ಇಲ್ಲ. ಊಟ ಒಳಗೆ ಪೂರ್ತಿ ಬೆಂದಿರುತ್ತದೆ, ಬಾಯಿ ತೆರೆದು ಚಮಚ ಹಾಕಿದರೆ ಆಯಿತು.

ಡಬ್ಬಿಗಿಂತ ಪೌಚ್ ತೆಳ್ಳಗೆ. ಬಿಸಿ ನಡುವಿನವರೆಗೆ ಬೇಗ ಮುಟ್ಟುತ್ತದೆ. ಹಾಗಾಗಿ ಊಟ ಅಷ್ಟು ಮುದ್ದೆಯಾಗುವುದಿಲ್ಲ. ಡಬ್ಬಿಗೆ ಇರುವ ಹೆಚ್ಚುಗಾರಿಕೆ ಗಟ್ಟಿತನ. ಇಲಿ ಅದನ್ನು ಕಡಿಯಲಾರದು. ಡಬ್ಬಿ ತಗೊಂಡರೆ ಓಪನರ್ ಮರೆಯಬೇಡಿ. ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಸಿಕ್ಕಿದ್ದು 1810ರಲ್ಲಿ, ಡಬ್ಬಿ ಓಪನರ್ ಬಂದದ್ದು 1850ರ ದಶಕದಲ್ಲಿ. ನಡುವಿನ 40 ವರ್ಷ ಜನ ಉಳಿ ಸುತ್ತಿಗೆ ಹಿಡಿದು ಊಟ ಬಿಚ್ಚುತ್ತಿದ್ದರು. ಕತ್ತಲಲ್ಲಿ ನೀವು ಅದನ್ನು ಮತ್ತೆ ಮಾಡಬೇಕಿಲ್ಲ, ಅಲ್ವಾ?

ಎರಡನೇ ಜಾತಿ ಒಣಗಿಸಿದ್ದು. ಫ್ರೀಜ್ ಡ್ರೈ ಅಂದರೆ ಊಟವನ್ನು ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಮಂಜನ್ನು ನೇರವಾಗಿ ಆವಿ ಮಾಡಿ ತೆಗೆದುಬಿಡುವುದು. ಆಕಾರ ಹಾಗೇ ಉಳಿಯುತ್ತದೆ, ತೂಕ ಮಾತ್ರ ಹಾರಿಹೋಗುತ್ತದೆ. ಕೈಯಲ್ಲಿ ಹಿಡಿದರೆ ಖಾಲಿ ಪ್ಯಾಕೆಟ್ ಹಿಡಿದ ಹಾಗೆ. ಇವು ಬಹಳ ವರ್ಷ ಇರುತ್ತವೆ, ನಿಜ. ಆದರೆ ಒಂದೊಂದು ಊಟಕ್ಕೆ 300ರಿಂದ 500 ಮಿಲಿಲೀಟರ್ ನೀರು ಕೇಳುತ್ತವೆ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಎತ್ತಿಡಿ ಅನ್ನುವುದು ಸಾಮಾನ್ಯ ಸಲಹೆ. ಅದರಲ್ಲಿ ಕುಡಿಯುವುದು, ಕೈಬಾಯಿ ತೊಳೆಯುವುದು ಎಲ್ಲ ಸೇರಿದೆ. ಮೂರು ಹೊತ್ತೂ ಒಣ ಊಟವಾದರೆ ಅದರ ಕಾಲು ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಪ್ಯಾಕೆಟ್ಟಿಗೇ ಹೋಯಿತು.

ಜಪಾನಿನವರು ಇಡುವ ಆಲ್ಫಾ ಅಕ್ಕಿಯೂ ಈ ಒಣ ಜಾತಿಯದ್ದೇ. ಅನ್ನ ಮಾಡಿ ಒಣಗಿಸಿದ ಅಕ್ಕಿ ಅದು. ಬಿಸಿನೀರು ಹಾಕಿದರೆ ಸುಮಾರು 15 ನಿಮಿಷಕ್ಕೆ, ತಣ್ಣೀರಾದರೆ ಸುಮಾರು 60 ನಿಮಿಷಕ್ಕೆ ಅನ್ನ. ಬೆಂಕಿ ಬೇಡ, ಆದರೆ ನೀರು ಬೇಕೇ ಬೇಕು. ಒಣ ಊಟ ಕೊಳ್ಳುವಾಗ ಹೀಗೆ ತಣ್ಣೀರಿನಲ್ಲೂ ಆಗುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೆ ಅದನ್ನೇ ಆರಿಸಿ.

ಮನೆಯಲ್ಲೇ ಉಳಿಯುವ ಸಾಧ್ಯತೆ ಜಾಸ್ತಿಯಾದರೆ ಮೂರರಲ್ಲಿ ಎರಡು ಪಾಲು ಪೌಚ್ ಮತ್ತು ಡಬ್ಬಿ, ಒಂದು ಪಾಲು ಒಣ ಊಟ. ಬ್ಯಾಗ್ ಹೊತ್ತು ಮನೆ ಬಿಡಬೇಕಾದ ಜಾಗವಾದರೆ ಇದನ್ನು ತಿರುವಿ ಹಾಕಿ. ಆಗ ತೂಕ ಮುಖ್ಯವಾಗುತ್ತದೆ. ಇದು ನನ್ನ ಅಳತೆ, ನಿಯಮವಲ್ಲ.

3. ತಣ್ಣಗೆ ತಿನ್ನಲು ಆಗುತ್ತಾ?

ಪೂರ್ತಿ ಬೆಂದದ್ದನ್ನು ತಣ್ಣಗೆ ತಿಂದರೆ ತೊಂದರೆ ಇಲ್ಲ. ತಿನ್ನಲು ಮನಸ್ಸು ಬರುತ್ತದೆಯೇ ಅನ್ನುವುದು ಬೇರೆ ಮಾತು. ಕಾಳಿನ ಗ್ರೇವಿ, ತರಕಾರಿ ಸ್ಟ್ಯೂ ತಣ್ಣಗೂ ಪರವಾಗಿಲ್ಲ. ಕೊಬ್ಬು ಜಾಸ್ತಿ ಇರುವುದು ಹೆಪ್ಪುಗಟ್ಟಿ ಅಂಗುಳಕ್ಕೆ ಅಂಟುತ್ತದೆ. ಪೌಚ್‌ನಲ್ಲಿ ಬರುವ ಅನ್ನ ಇನ್ನೂ ಕಷ್ಟ. ಅದರಲ್ಲಿರುವ ಪಿಷ್ಟ ತಣಿದು ಗಟ್ಟಿಯಾಗಿ, ಕಾಳು ಕಾಳಾಗಿ ಮುರಿಯುತ್ತದೆ. ಬಿಸಿ ತಾಗಿದರೆ ಮಾತ್ರ ಮೆತ್ತಗಾಗುತ್ತದೆ. ಅನ್ನದ ಪೌಚ್ ಕೊಂಡರೆ ಬಿಸಿಗೆ ದಾರಿ ನೋಡಿಕೊಂಡಿರಿ.

ದಾರಿಗಳು ಹೆಚ್ಚೇನಿಲ್ಲ. ಪೌಚನ್ನು ಬಿಚ್ಚದೆ ಬಿಸಿನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿಡಬಹುದು. ಆ ನೀರು ಕೈತೊಳೆಯಲು ಆಗುತ್ತದೆ. ಅಲ್ಯೂಮಿನಿಯಂ ಹಾಳೆ ಇರುವ ಪೌಚನ್ನು ಮೈಕ್ರೋವೇವ್‌ಗೆ ಹಾಕಬೇಡಿ. ಕೆಲವು ಊಟದ ಜೊತೆ ಬೆಂಕಿಯಿಲ್ಲದ ಹೀಟರ್ ಬರುತ್ತದೆ. ಒಂದು ಪುಟ್ಟ ಪೊಟ್ಟಣ, ಒಳಗೆ ಮೆಗ್ನೀಸಿಯಂ ಮತ್ತು ಕಬ್ಬಿಣದ ಪುಡಿ, ಉಪ್ಪು. ಸ್ವಲ್ಪ ನೀರು ಹಾಕಿದ ಕೂಡಲೇ ಬುಸುಗುಟ್ಟಿ ಬಿಸಿಯಾಗುತ್ತದೆ. ಚೆನ್ನಾಗಿದೆ, ಆದರೆ ಅದರಿಂದ ಹೈಡ್ರೋಜನ್ ಅನಿಲವೂ ಬರುತ್ತದೆ. ಕಿಟಕಿ ತೆರೆದಿಡಿ, ಪಕ್ಕದಲ್ಲಿ ಮೇಣದಬತ್ತಿ ಉರಿಯಕೂಡದು. ಇನ್ನು ಇದ್ದಿಲ ಒಲೆಯನ್ನೋ ಕ್ಯಾಂಪಿಂಗ್ ಸ್ಟವ್ವನ್ನೋ ಮನೆಯೊಳಗೆ ತರುವುದು ಬೇಡವೇ ಬೇಡ. ಅವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುವ ಅನಿಲ, ಅದಕ್ಕೆ ವಾಸನೆಯೂ ಇಲ್ಲ.

4. ಪ್ಯಾಕೆಟ್ಟನ್ನು ತಿರುಗಿಸಿ ಹಿಂಬದಿ ಓದಿ

ಜನ ಮೋಸ ಹೋಗುವುದು ಇಲ್ಲೇ. ಮುಂಬದಿಯಲ್ಲಿ ದಿನಗಳ ಲೆಕ್ಕ ಇರುತ್ತದೆ, ಹಿಂಬದಿಯಲ್ಲಿ ಕ್ಯಾಲರಿ.

ಒಂದು ಉದಾಹರಣೆ ಹಿಡಿಯೋಣ. ಒಂದು ಬಕೆಟ್ ಮೇಲೆ '72 ಸರ್ವಿಂಗ್' ಅಂತ ಇದೆ. ದಿನಕ್ಕೆ ಮೂರು ಹೊತ್ತು ಅಂದರೆ ಒಬ್ಬರಿಗೆ 24 ದಿನ ಬರಬೇಕು. ಹಿಂದೆ ತಿರುಗಿಸಿದರೆ ಒಂದು ಸರ್ವಿಂಗ್‌ಗೆ 180 ಕಿಲೋ ಕ್ಯಾಲರಿ. ಗುಣಿಸಿ: 12,960. ಇದನ್ನು 2,100ರಿಂದ ಭಾಗಿಸಿದರೆ ಆರು ದಿನ ಚಿಲ್ಲರೆ. 24 ಎಲ್ಲಿ, 6 ಎಲ್ಲಿ! ಬಕೆಟ್ ಸುಳ್ಳು ಹೇಳಿಲ್ಲ. ಅದರ ಒಂದು ಸರ್ವಿಂಗ್ ನಮ್ಮ ಒಂದು ಊಟವಲ್ಲ, ಅಷ್ಟೇ. ಜೇಬಿನ ಚೀಟಿ ಈಗ ತೆಗೆಯಿರಿ. ಸರ್ವಿಂಗ್ ಎಣಿಸಬೇಡಿ, ಒಟ್ಟು ಕ್ಯಾಲರಿ ಕೂಡಿಸುತ್ತಾ ಬನ್ನಿ.

ಆ ಕ್ಯಾಲರಿ ಎಲ್ಲಿಂದ ಬಂತು ಅಂತಲೂ ನೋಡಿ. ಸಕ್ಕರೆ ಪಾನಕದ ಪುಡಿಯನ್ನೂ ಊಟದ ಲೆಕ್ಕಕ್ಕೆ ಸೇರಿಸುವ ಕಿಟ್‌ಗಳಿವೆ. ಒಂದು ಹೊತ್ತಿನ ಊಟದಲ್ಲಿ 15 ಗ್ರಾಂ ಆಸುಪಾಸು ಪ್ರೋಟೀನ್ ಇದ್ದರೆ ನಾನು ಬುಟ್ಟಿಗೆ ಹಾಕುತ್ತೇನೆ. ಐದಾರು ಗ್ರಾಂ ಇದ್ದರೆ ಅದು ತಿಂಡಿ.

ಆಮೇಲೆ ಉಪ್ಪು. ಲೇಬಲ್ ಮೇಲೆ ಬಹಳ ಸಲ ಸೋಡಿಯಂ ಅಂತ ಇರುತ್ತದೆ. ಅದನ್ನು 2.5ರಿಂದ ಗುಣಿಸಿದರೆ ಉಪ್ಪು. ಒಂದು ಪೌಚ್‌ನಲ್ಲಿ 900 ಮಿಲಿಗ್ರಾಂ ಸೋಡಿಯಂ ಅಂದರೆ ಸುಮಾರು 2.25 ಗ್ರಾಂ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ಹೊತ್ತೂ ಅದೇ ಪೌಚ್ ತಿಂದರೆ ಗಡಿ ದಾಟಿತು. ಬಿಪಿ ಇರುವವರಿಗೆ ಇದು ನೇರ ತೊಂದರೆ. ಉಳಿದವರಿಗೂ ಉಪ್ಪು ಜಾಸ್ತಿಯಾದರೆ ಬಾಯಾರಿಕೆ, ಬಾಯಾರಿದರೆ ನೀರು ಖರ್ಚು. ಮತ್ತೆ ಎರಡನೇ ಹಂತಕ್ಕೇ ಬಂದೆವು.

5. ಮನೆಯಲ್ಲಿ ಯಾರ್ಯಾರಿದ್ದಾರೆ?

ಅಲರ್ಜಿ ಇರುವವರಿದ್ದರೆ ಪದಾರ್ಥಗಳ ಪಟ್ಟಿಯನ್ನು ಕೊಳ್ಳುವಾಗಲೇ ಓದಿ. ಟಾರ್ಚ್ ಬೆಳಕಿನಲ್ಲಿ ಆ ಸಣ್ಣ ಅಕ್ಷರ ಕಾಣುವುದಿಲ್ಲ. ಹಲ್ಲಿಲ್ಲದ ಹಿರಿಯರಿಗೆ ಗಟ್ಟಿ ಬಾರ್‌ಗಳು ಬೇಡ, ಗಂಜಿ ಅಥವಾ ಸೂಪಿನಂಥದ್ದು ಇರಲಿ. ಸಕ್ಕರೆ ಕಾಯಿಲೆ ಇರುವವರ ಪಾಲನ್ನು ಬೇರೆಯೇ ಚೀಲದಲ್ಲಿ ಕಟ್ಟಿ ಹೆಸರು ಬರೆಯಿರಿ. ಫಾರ್ಮುಲಾ ಕುಡಿಯುವ ಎಳೆಮಗು ಇದ್ದರೆ ಪುಡಿಗಿಂತ ನೀರು ಬೆರೆಸಿಯೇ ಬರುವ, ನೇರವಾಗಿ ಕುಡಿಸಬಹುದಾದ ಹಾಲು ಒಳ್ಳೆಯದು. ನೀರು ಶುದ್ಧವೋ ಅಲ್ಲವೋ ಅನ್ನುವ ಚಿಂತೆಯೇ ಇರುವುದಿಲ್ಲ. ಸಾಕುಪ್ರಾಣಿಯ ಪಾಲನ್ನೂ ಸೇರಿಸಿ. ಇಲ್ಲದಿದ್ದರೆ ಅದು ನಿಮ್ಮ ಪಾಲಿನಿಂದಲೇ ಹೋಗುತ್ತದೆ.

6. ಈಗ ತಾರೀಖು

ಪ್ಯಾಕೆಟ್ ಮೇಲಿನ 'ಬೆಸ್ಟ್ ಬಿಫೋರ್' ಹೇಳುವುದು ರುಚಿ, ಬಣ್ಣ, ಹದದ ವಿಷಯ. ಆ ದಿನ ದಾಟಿದ ಕೂಡಲೇ ಊಟ ವಿಷವಾಗುವುದಿಲ್ಲ. 'ಯೂಸ್ ಬೈ' ಅಂತ ಇದ್ದರೆ ಅದು ಸುರಕ್ಷತೆಯ ಗಡಿ, ದಾಟಬೇಡಿ. ಡಬ್ಬಿಗಳಲ್ಲಿ ಹುಳಿ ಇರುವ ಟೊಮೆಟೊ, ಅನಾನಸ್‌ನಂಥವು 12ರಿಂದ 18 ತಿಂಗಳೊಳಗೆ ಚೆನ್ನ. ಹುಳಿ ಕಡಿಮೆ ಇರುವ ಕಾಳು, ತರಕಾರಿ, ಮಾಂಸ 2ರಿಂದ 5 ವರ್ಷ.

ಆದರೆ ಈ ಎಲ್ಲ ಅಂಕಿಗಳೂ ತಂಪಾದ ಜಾಗದ ಮೇಲೆ ನಿಂತಿವೆ. ಅಮೆರಿಕದ ಸೇನೆಯ ಎಂಆರ್‌ಇ ಎಂಬ ಸಿದ್ಧ ಊಟವನ್ನೇ ನೋಡಿ. ಅದಕ್ಕಿರುವ ಕನಿಷ್ಠ ಬಾಳಿಕೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ವರ್ಷ. ಅದೇ ಊಟ 38 ಡಿಗ್ರಿಯಲ್ಲಿದ್ದರೆ 6 ತಿಂಗಳು. ತಗಡಿನ ಚಾವಣಿಯ ಅಡಿಯ ಅಟ್ಟ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ, ಒಲೆಯ ಮೇಲಿನ ಕಪಾಟು, ಇವೆಲ್ಲ ಊಟ ಇಡುವ ಜಾಗಗಳಲ್ಲ. ಮಂಚದ ಕೆಳಗೆ ಇಟ್ಟರೂ ಇದಕ್ಕಿಂತ ವಾಸಿ.

7. ಒಂದು ಸಂಜೆ ಸ್ವಿಚ್ ಆರಿಸಿ

ಎಲ್ಲವನ್ನೂ ಒಂದೊಂದೇ ತನ್ನಿ. ಇಷ್ಟವಾಗುವ ಮುಂಚೆ ಡಜನ್ ಗಟ್ಟಲೆ ತರಬೇಡಿ. ಒಂದು ಸಂಜೆ ಲೈಟ್ ಆರಿಸಿ, ನಲ್ಲಿ ಮುಟ್ಟದೆ, ಪೆಟ್ಟಿಗೆಯಲ್ಲಿರುವುದನ್ನೇ ಬಡಿಸಿ. ಮಕ್ಕಳಿಗೆ ಇದು ಆಟ. ನಿಮಗೆ ಪರೀಕ್ಷೆ.

ನಮ್ಮ ಮನೆಯ ಮೊದಲ ಪರೀಕ್ಷೆಯಲ್ಲಿ ಪೌಚಿನ ಅಂಚಿನಲ್ಲಿ ಹರಿಯಲು ಬಿಟ್ಟಿದ್ದ ಗೀರು ಒದ್ದೆ ಕೈಗೆ ಜಾರಿತು. ಕತ್ತರಿ ಹುಡುಕಲು ಹತ್ತು ನಿಮಿಷ. ಬಿಚ್ಚಿದ ಮೇಲೆ ಚಮಚ ತಳ ಮುಟ್ಟಲಿಲ್ಲ, ಮಣಿಕಟ್ಟಿನವರೆಗೆ ಗ್ರೇವಿ. ಆಗ ಪೆಟ್ಟಿಗೆಗೆ ಸೇರಿದ್ದು ಒಂದು ಕತ್ತರಿ, ನಾಲ್ಕು ಉದ್ದ ಹಿಡಿಕೆಯ ಚಮಚ, ಒರೆಸುವ ಬಟ್ಟೆ. ಮೂರು ಬಗೆಯ ಊಟದಲ್ಲಿ ಒಂದನ್ನು ಯಾರೂ ಎರಡನೇ ತುತ್ತು ತಿನ್ನಲಿಲ್ಲ. ಅದು ಲೇಬಲ್ ಮೇಲೆ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು! ಹಸಿವಾದರೆ ಏನಾದರೂ ತಿಂತಾರೆ ಅನ್ನುವ ಮಾತನ್ನು ನಂಬಬೇಡಿ. ಭಯವಿದ್ದಾಗ ಹಸಿವು ಕಡಿಮೆಯಾಗುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ. ಗೊತ್ತಿರುವ ರುಚಿ ಮಾತ್ರ ಒಳಗೆ ಇಳಿಯುತ್ತದೆ.

ತಿಂದ ಮರುದಿನ ಹೊಟ್ಟೆ ಹೇಗಿದೆ ಅಂತಲೂ ಗಮನಿಸಿ. ಇಂಥ ಊಟಗಳಲ್ಲಿ ನಾರು ಸಾಮಾನ್ಯವಾಗಿ ಕಡಿಮೆ. ಒಣಹಣ್ಣು, ಕಾಳಿನ ಡಬ್ಬಿ ಜೊತೆಗಿರಲಿ.

8. ಇಡುವುದು, ತಿರುಗಿಸುವುದು

ಕೊಳ್ಳುವಾಗ ಪೌಚಿನ ಸೀಲ್ ಮೇಲೆ ಬೆರಳಾಡಿಸಿ. ಸುಕ್ಕು, ಊಟದ ಚೂರು ಸಿಕ್ಕಿಕೊಂಡ ಉಬ್ಬು ಇದ್ದರೆ ವಾಪಸ್ ಇಡಿ. ಮಡಿಕೆ ಬಿದ್ದ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಕೆಡುತ್ತದೆ. ಡಬ್ಬಿಯಾದರೆ ಜೋಡಣೆಯ ಅಂಚಿನಲ್ಲಿ ತಗ್ಗು, ತುಕ್ಕು ಇರಬಾರದು. ಪೌಚ್‌ಗಳನ್ನು ಬಿಗಿ ಮುಚ್ಚಳದ ಗಟ್ಟಿ ಡಬ್ಬದಲ್ಲಿಡಿ. ಇಲಿಗೆ ಅಲ್ಯೂಮಿನಿಯಂ ಹಾಳೆ ಒಂದು ಲೆಕ್ಕವೇ ಅಲ್ಲ.

ಜಪಾನಿನಲ್ಲಿ 'ರೋಲಿಂಗ್ ಸ್ಟಾಕ್' ಅನ್ನುವ ಪದ್ಧತಿ ಇದೆ. ತುರ್ತಿಗೆ ಅಂತ ಬೇರೆ ಇಡದೆ, ದಿನವೂ ತಿನ್ನುವುದನ್ನೇ ಸ್ವಲ್ಪ ಜಾಸ್ತಿ ತಂದು, ಹಳೆಯದನ್ನು ತಿಂದು ಹೊಸದನ್ನು ಹಿಂದೆ ಸೇರಿಸುವುದು. ನನಗೆ ಇದಕ್ಕಿಂತ ಒಳ್ಳೆ ಉಪಾಯ ಸಿಕ್ಕಿಲ್ಲ. ತಿಂಗಳಿಗೆ ಒಂದು ಪೌಚ್ ತಿನ್ನುವ ಮನೆಗೆ 25 ವರ್ಷದ ಗ್ಯಾರಂಟಿ ಯಾಕೆ ಬೇಕು? ಮಾರ್ಕರ್ ಪೆನ್ನಿನಲ್ಲಿ ತಾರೀಖನ್ನು ದೊಡ್ಡದಾಗಿ ಬರೆಯಿರಿ. ಕಂಪನಿ ಅಚ್ಚು ಹಾಕಿದ್ದು ಯಾವ ಮೂಲೆಯಲ್ಲಿದೆ ಅಂತ ಪ್ರತಿ ಸಲ ಹುಡುಕುವುದು ತಪ್ಪುತ್ತದೆ.

9. ಬಳಸುವ ದಿನ

ಬಿಚ್ಚುವ ಮುಂಚೆ ಒಮ್ಮೆ ಒತ್ತಿ ನೋಡಿ. ಉಬ್ಬಿದ್ದರೆ, ಸೋರಿದ್ದರೆ, ಬಿಚ್ಚಿದಾಗ ಪುಸ್ಸೆಂದು ಒಳಗಿನದ್ದು ಹೊರಗೆ ಚಿಮ್ಮಿದರೆ ಬಿಸಾಡಿ. ಒಂದು ಚೂರು ರುಚಿ ನೋಡೋಣ ಅನ್ನಬೇಡಿ. ಬೊಟುಲಿನಮ್ ವಿಷ ಇದ್ದರೂ ವಾಸನೆ, ರುಚಿ ಬದಲಾಗಬೇಕೆಂದಿಲ್ಲ.

ಬಿಚ್ಚಿದ ಮೇಲೆ ಅದು ಕೆಡದ ಊಟವಲ್ಲ, ಮಾಮೂಲಿ ಊಟ. ಫ್ರಿಜ್ ಇಲ್ಲದಿದ್ದರೆ 2 ಗಂಟೆಯೊಳಗೆ ತಿಂದು ಮುಗಿಸಿ. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ. ಅದಕ್ಕೇ ದೊಡ್ಡ ಕುಟುಂಬ ಪ್ಯಾಕಿಗಿಂತ ಒಬ್ಬರು ಒಂದೇ ಹೊತ್ತಿಗೆ ಮುಗಿಸುವ ಸಣ್ಣ ಪ್ಯಾಕ್ ತಗೊಳ್ಳಿ ಅನ್ನುವುದು. ಸ್ವಲ್ಪ ಕಸ ಜಾಸ್ತಿ, ಆದರೆ ಉಳಿಯುವುದಿಲ್ಲ.

ಪ್ರವಾಹದ ನೀರು ಪೆಟ್ಟಿಗೆಗೆ ನುಗ್ಗಿದ್ದರೆ ರಟ್ಟಿನ ಪ್ಯಾಕ್, ತಿರುಗಿಸುವ ಮುಚ್ಚಳದ ಬಾಟಲಿ, ಸಾದಾ ಪ್ಲಾಸ್ಟಿಕ್ ಚೀಲ ಎಲ್ಲ ಹೋದ ಹಾಗೆ. ಹಾನಿಯಾಗದ ತಗಡಿನ ಡಬ್ಬಿ ಮತ್ತು ರಿಟಾರ್ಟ್ ಪೌಚ್ ಮಾತ್ರ ಉಳಿಸಿಕೊಳ್ಳಬಹುದು. ಲೇಬಲ್ ಕಿತ್ತು, ಸೋಪು ನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಅಲುಬಿ. ಆಮೇಲೆ ಸುಮಾರು 4 ಲೀಟರ್ ಕುಡಿಯುವ ನೀರಿಗೆ 1 ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್, ಸುವಾಸನೆ ಸೇರಿಸದ ಮನೆಬಳಕೆಯ ಬ್ಲೀಚ್ ಬೆರೆಸಿ 15 ನಿಮಿಷ ಮುಳುಗಿಸಿಡಿ. ಬ್ಲೀಚ್ ಇಲ್ಲದಿದ್ದರೆ ನೀರಿಗೆ ಹಾಕಿ, ಕುದಿ ಬಂದ ಮೇಲೆ 2 ನಿಮಿಷ ಬಿಡಿ. ಗಾಳಿಗೆ ಒಣಗಿಸಿ, ಬೇಗ ತಿಂದು ಮುಗಿಸಿ. ಲೇಬಲ್ ಕಿತ್ತ ಮೇಲೆ ಎಲ್ಲ ಡಬ್ಬಿಯೂ ಒಂದೇ ಥರ ಕಾಣುತ್ತವೆ, ಒಳಗೇನಿದೆ ಅಂತ ಮಾರ್ಕರ್‌ನಲ್ಲಿ ಬರೆದುಕೊಳ್ಳಿ. ಅಲರ್ಜಿ ಇರುವ ಪದಾರ್ಥದ ಹೆಸರನ್ನೂ ಸೇರಿಸಿ.